ನೀರುಗಂಟಿಯನ್ನು ಮಾತಿಗೆ ಹಿಡಿದ ಮಾತ್ರೆ

ನಾನು ಜೀವಮಾನದಲ್ಲಿ ಒಂದು ಹನಿ ಸಾರಾಯಿ ಮುಟ್ಟಿದವನಲ್ಲ. ಆದರೂ ತೊಂಬತ್ತರ ದಶಕದ ನಡುವೆ ಒಂದಷ್ಟು ಕಾಲ, ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣದವರೆಗಿನ ರಸ್ತೆಯಲ್ಲಿ ನನ್ನಷ್ಟು ಹೆಸರುವಾಸಿ ಕುಡುಕ ಇನ್ನೊಬ್ಬನಿರಲಿಲ್ಲ. ಆ ಹೆಸರು ಹೇಗೆ ಬಂತು, ಹೇಗೆ ಹೋಯಿತು ಎಂದು ಹೇಳಲು ಕೂತಿದ್ದೇನೆ. ನನ್ನ ಕಾಯಿಲೆಯವರು ಊರಿಗೊಬ್ಬರೂ ಸಿಗುವುದಿಲ್ಲ. ಸಂಜೆಯಾದರೆ ರೆಪ್ಪೆ ಬೀಳುವವರು, ಮಾತು ಮೂಗಿಗೆ ಏರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಸೋಮಾರಿಯೂ ಅಲ್ಲ, ನಾಟಕ ಮಾಡುತ್ತಲೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿ, ಕಣ್ಣು ದಣಿದರೆ ಪುಸ್ತಕ ಮುಚ್ಚಿ ಮಲಗಿ. ನಾನೂ ಹಾಗೇ ಮಾಡುತ್ತೇನೆ.

ನಮ್ಮದು ಶೀಳನೆರೆ ಹತ್ತಿರದ ಊರು. ಅಪ್ಪ ಇಲ್ಲ, ಮನೆಯಲ್ಲಿ ಅವ್ವ, ನಾನು, ಪಕ್ಕದ ಮನೆಯಲ್ಲೇ ಅವ್ವನ ತಮ್ಮ ಬೋರೇಗೌಡ, ಅಂದರೆ ನನ್ನ ಸೋದರಮಾವ. ನಾನು ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರು. ಕಂಡಕ್ಟರಿಗೆ ಗಂಟಲೇ ಬಂಡವಾಳ. ಬೆಳಿಗ್ಗೆ ನಾನು ‘ಪಾಂಡವಪುರ, ಪಟ್ಟಣ’ ಎಂದು ಕೂಗಿದರೆ ಟೀ ಅಂಗಡಿಯಲ್ಲಿ ಕೂತವರು ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದರು. ಸಂಜೆ ಟ್ರಿಪ್ಪಿನ ಹೊತ್ತಿಗೆ ಅದೇ ಗಂಟಲು ಮೂಗಿನಲ್ಲಿ ಗೊಣಗುತ್ತಿತ್ತು. ಬಲಗಣ್ಣಿನ ರೆಪ್ಪೆ ಇಳಿದು ಅರ್ಧ ಕಣ್ಣು ಮುಚ್ಚುತ್ತಿತ್ತು. ಮೇಲಿನ ಕಂಬಿ ಹಿಡಿದ ಕೈ ತಾನಾಗಿ ಜಾರುತ್ತಿತ್ತು, ನಾನು ಯಾರದೋ ತೊಡೆಯ ಮೇಲೆ ಬೀಳುತ್ತಿದ್ದೆ. ಇಷ್ಟು ಸಾಕಲ್ಲ ಹೆಸರು ಬರಲು.

ಬಸ್ಸಿನ ಮಾಲೀಕರು ಒಂದು ಸಂಜೆ ನನ್ನ ಬಾಯಿಯ ಹತ್ತಿರಕ್ಕೇ ಮೂಗು ತಂದರು. ಏನೂ ವಾಸನೆ ಬರಲಿಲ್ಲ. ‘ಏಲಕ್ಕಿ ಅಗ್ದು ಬಂದಿದೀಯ ಬುಡು’ ಅಂದರು. ಏಲಕ್ಕಿಯ ವಾಸನೆಯೂ ಇರಲಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ನಮ್ಮ ಡ್ರೈವರು ಇಬ್ರಾಹಿಂ ಸಾಬರು, ಶ್ರೀರಂಗಪಟ್ಟಣದವರು, ಒಬ್ಬರೇ ನನ್ನ ಪರ ನಿಂತರು. ‘ಅಲ್ಲಾ ಕಸಂ, ಈ ನಂಜೇಗೌಡ ಕುಡಿಯಾಕಿಲ್ಲ ಸಾಮಿ. ಬೆಳಿಗ್ಗೆಯಿಂದ ನನ್ ಪಕ್ಕದಾಗೇ ಅವ್ನೆ’ ಎಂದು ಮಾಲೀಕರ ಮುಂದೆ ಹೇಳಿದರು. ಆದರೆ ಡ್ರೈವರು ಕಂಡಕ್ಟರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ?

ಈ ಹೆಸರು ನನಗೆ ಕೆಲಸಕ್ಕಿಂತ ಇನ್ನೊಂದು ಕಡೆ ಚುಚ್ಚುತ್ತಿತ್ತು. ಆ ವರ್ಷವೇ ನಾಗಮಂಗಲದ ಕಡೆಯ ಹುಡುಗಿಯೊಬ್ಬಳ ಜೊತೆ ನನಗೆ ವೀಳ್ಯಶಾಸ್ತ್ರ ಆಗಿತ್ತು. ಹೆಸರು ಸಾವಿತ್ರಿ. ನಾನು ಅವಳನ್ನು ಕಂಡದ್ದು ಎರಡೇ ಸಲ, ಮಾತಾಡಿದ್ದು ಇನ್ನೂ ಕಮ್ಮಿ. ಆದರೂ ಮದುವೆಯಾದರೆ ಇವಳನ್ನೇ ಎಂದು ಮನಸ್ಸು ಕೂತುಬಿಟ್ಟಿತ್ತು. ಅವಳ ಅಪ್ಪ ಚಿಕ್ಕೇಗೌಡರು. ಅವರ ತಮ್ಮ ಸಾರಾಯಿಗೆ ಬಲಿಯಾದವನು. ಹಾಗಾಗಿ ಜಮೀನು ಎಷ್ಟು, ಮನೆ ಹೇಗೆ ಎಂದು ಕೇಳದ ಆ ಮನುಷ್ಯ ಕೇಳಿದ್ದು ಒಂದೇ ಮಾತು. ‘ಹುಡ್ಗ ಕುಡಿಯಾಕಿಲ್ಲ ತಾನೇ?’ ನಮ್ಮ ಮಾವ ಎಲೆಅಡಿಕೆಯ ತಟ್ಟೆಯ ಮೇಲೆ ಕೈಯಿಟ್ಟು, ‘ಮನೆದೇವ್ರಾಣೆ ಇಲ್ಲ’ ಅಂದಿದ್ದ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ನಮ್ಮ ಕಡೆ ಎರಡು ಹೊತ್ತೂ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಹಲ್ಲಿಗೆ ತಾಗಿಸಿದರೆ ‘ಏನ್ಲಾ, ಪ್ಯಾಟೆಯವ್ನಂಗೆ ತಿಂತೀಯ’ ಎಂದು ಗೇಲಿ ಮಾಡುತ್ತಾರೆ. ನನ್ನ ದವಡೆ ದಣಿಯಲು ಶುರುವಾಗಿ ಎಷ್ಟು ಕಾಲವಾಗಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ. ದವಡೆಗೆ ಕೆಲಸವಿದ್ದರೆ ತಾನೇ ಗೊತ್ತಾಗುವುದು?

ಅದು ಗೊತ್ತಾದದ್ದು ಸಂತೆಬಾಚಹಳ್ಳಿಯಲ್ಲಿ, ನೆಂಟರ ಮನೆಯ ಬೀಗರೂಟದ ದಿನ. ಬೀಗರೂಟ ಎಂದರೆ ಮದುವೆಯಾದ ಮೇಲೆ ಎರಡು ಕಡೆಯವರೂ ಕೂತು ಉಣ್ಣುವ ಬಾಡೂಟ. ಆ ದಿನ ಪಂಕ್ತಿ ಹಾಕುವುದು ತಡವಾಗಿ ಹೊತ್ತು ಇಳಿದಿತ್ತು. ನನ್ನ ಎದುರು ಸಾಲಿನಲ್ಲೇ ಚಿಕ್ಕೇಗೌಡರು ಕೂತಿದ್ದರು, ಅವರಿಗೂ ಅದು ನೆಂಟರ ಮನೆಯೇ. ಎರಡು ತುಂಡು ಅಗಿಯುವಷ್ಟರಲ್ಲಿ ನನ್ನ ಕೆಳದವಡೆ ಜೋತುಬಿತ್ತು. ಬಾಯಿ ಮುಚ್ಚಲು ಆಗಲಿಲ್ಲ. ಎಡಗೈಯಲ್ಲಿ ಗದ್ದ ಎತ್ತಿ ಹಿಡಿದು, ಕೈಯಿಂದಲೇ ದವಡೆ ಆಡಿಸಿ ಅಗಿಯತೊಡಗಿದೆ. ಸಾರು ತುಟಿಯಿಂದ ಅಂಗಿಗೆ ಇಳಿಯಿತು. ‘ಯಾಕಪ್ಪ, ಸೇರಾಕಿಲ್ವಾ?’ ಎಂದು ಚಿಕ್ಕೇಗೌಡರು ಕೇಳಿದರು. ನಾನು ಕೊಟ್ಟ ಉತ್ತರ ನನಗೇ ಅರ್ಥವಾಗಲಿಲ್ಲ. ಅವರು ಇಳಿದ ನನ್ನ ರೆಪ್ಪೆಯನ್ನು ನೋಡಿದರು, ಅಂಗಿಯನ್ನು ನೋಡಿದರು, ಮಜ್ಜಿಗೆಗೂ ಕಾಯದೆ ಎದ್ದು ಹೋದರು.

ಆ ವಾರದಲ್ಲೇ ಹೇಳಿಕಳಿಸಿದರು. ಹುಡುಗಿ ಕೊಡುವುದಿಲ್ಲವಂತೆ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಮಾವ ಮಾತ್ರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದ. ‘ನಿಜ ಏಳ್ಲಾ. ಕುಡೀತೀಯಾ?’

‘ಇಲ್ಲ ಮಾವ.’

‘ಮತ್ತೇನ್ಲಾ ಇದು? ಕುಡ್ದಿದ್ರೆ ಬುಡಿಸ್ಬೋದಿತ್ತು.’ ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ನನಗೂ ಆಗಲೇ ಹೆದರಿಕೆಯಾದದ್ದು.

ಡಾಕ್ಟರುಗಳ ಸುತ್ತಾಟ ಶುರುವಾಯಿತು. ಇದರಲ್ಲಿ ನಾವು ಮಾಡಿದ ತಪ್ಪೆಂದರೆ, ಆಸ್ಪತ್ರೆಗೆ ಹೋಗುವುದನ್ನು ದೇವಸ್ಥಾನಕ್ಕೆ ಹೋಗುವ ಹಾಗೆ ಹೋದದ್ದು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ತೊಟ್ಟು ಮೊದಲ ಬಸ್ಸಿಗೇ ಹೊರಡುವುದು. ನನ್ನ ಕಾಯಿಲೆಯೋ, ಬೆಳಿಗ್ಗೆ ಮನೆಯಲ್ಲೇ ಇರುವುದಿಲ್ಲ. ಕೆ.ಆರ್. ಪೇಟೆಯ ಡಾಕ್ಟರು ನನ್ನ ಕಣ್ಣಿಗೆ ಟಾರ್ಚು ಬಿಟ್ಟು, ‘ಚೆನ್ನಾಗೇ ಇದಾನಲ್ಲಮ್ಮ’ ಎಂದು ಶಕ್ತಿಯ ಸೂಜಿ ಚುಚ್ಚಿದರು. ಪಾಂಡವಪುರದವರು ರಕ್ತ ಕಮ್ಮಿ ಅಂದರು. ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಅಗಿಯಲು ಕಷ್ಟವೇ ಎಂದು ಇಬ್ಬರು ಕೇಳಿದ್ದರು. ಬೀಗರೂಟ ಒಂದು ದಿನದ ಗ್ರಹಚಾರ ಎಂದುಕೊಂಡಿದ್ದ ನಾನು, ‘ಇಲ್ಲ ಸಾರ್, ಎರಡು ಮುದ್ದೆ ಉಣ್ತೀನಿ’ ಎಂದು ಎದೆಯುಬ್ಬಿಸಿ ಹೇಳಿದ್ದೆ.

ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆ. ಅಲ್ಲಿಯೂ ಬೆಳಿಗ್ಗೆಯೇ ಹೋಗಿ ಕೂತೆವು. ಆದರೆ ಆ ದಿನ ಜನವೋ ಜನ. ಬೆಂಚಿನ ಮೇಲೆ ಒಂದು ಕಡೆ ಲಕ್ವ ಹೊಡೆದ ಮುದುಕರು, ಇನ್ನೊಂದು ಕಡೆ ಮೂರ್ಛೆ ಹೋಗುವ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡ ಹೆಂಗಸು. ಆಕೆಯೂ ಅವ್ವನೂ ಮಕ್ಕಳ ಮದುವೆಯ ವಿಷಯ ಮಾತಾಡಿಕೊಂಡು ಅರ್ಧ ದಿನ ಕಳೆದರು. ನಾನು ಆ ಕಾಯುವಿಕೆಯನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ಆ ಕಾಯುವಿಕೆಯೇ ನನ್ನನ್ನು ಉಳಿಸಿತು. ನನ್ನ ಹೆಸರು ಕರೆಯುವಾಗ ಮಧ್ಯಾಹ್ನ ಕಳೆದಿತ್ತು, ರೆಪ್ಪೆ ಇಳಿಯಲು ಶುರುವಾಗಿತ್ತು.

ಒಳಗಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ‘ಸೂರು ನೋಡ್ತಾ ಇರಿ, ಕಣ್ಣು ಇಳಿಸಬೇಡಿ’ ಅಂದರು. ಸ್ವಲ್ಪ ಹೊತ್ತಿಗೆ ಎರಡೂ ರೆಪ್ಪೆ ಅಂಗಡಿಯ ಶಟರಿನಂತೆ ಕೆಳಗೆ ಬಂದವು. ಜೋರಾಗಿ ಒಂದರಿಂದ ಎಣಿಸಿ ಅಂದರು. ಐವತ್ತು ದಾಟುವ ಮೊದಲೇ ಅಂಕಿಗಳು ಮೂಗಿನಿಂದ ಬರತೊಡಗಿದವು. ಆಮೇಲೆ ಅದೇ ಪ್ರಶ್ನೆ, ಅಗಿಯೋಕೆ ಕಷ್ಟ ಆಗುತ್ತಾ? ನನ್ನದು ಅದೇ ಉತ್ತರ, ಇಲ್ಲ.

‘ಊಟ ಏನು?’

‘ಮುದ್ದೆ ಮೇಡಂ.’

ಬರೆಯುತ್ತಿದ್ದ ಪೆನ್ನು ನಿಂತಿತು. ‘ನಂದೂ ಮದ್ದೂರು ಕಡೆ ಕಣ್ರೀ. ಮುದ್ದೆ ಯಾರು ಅಗೀತಾರೆ?’ ಎಂದು ನಕ್ಕರು. ಹಿಂದೆ ನಿಂತಿದ್ದ ಅವ್ವ ತಡೆಯಲಾರದೆ, ‘ಬಾಡೂಟದಲ್ಲಿ ಗದ್ದ ಇಡ್ಕಂಡು ತಿಂತಿದ್ದ ಕಣವ್ವ ಇವ್ನು’ ಅಂದುಬಿಟ್ಟಳು. ಡಾಕ್ಟರು ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದರು.

ಅಲ್ಲೇ ಒಂದು ಮಂಚದ ಮೇಲೆ ಕೂರಿಸಿ ತೋಳಿಗೆ ಸೂಜಿ ಕೊಟ್ಟರು. ಅವ್ವ ಹೊರಗೆ ಹೋಗಿ ಕಾಫಿ ಕುಡಿದು ಬಂದಳು. ಅಷ್ಟರಲ್ಲಿ ನನಗೆ ಮೊದಲು ಗೊತ್ತಾದದ್ದು ಬೆಳಕು. ಕೋಣೆಯ ಮೇಲಿನ ಅರ್ಧ ತಾನಾಗಿ ಕಾಣತೊಡಗಿತು. ರೆಪ್ಪೆಗಳು ಎದ್ದಿದ್ದವು. ‘ಮಾತಾಡಿ ನೋಡೋಣ’ ಅಂದರು ಡಾಕ್ಟರು. ಏನು ಮಾತಾಡಬೇಕೆಂದು ತೋಚದೆ, ‘ಪಾಂಡವಪುರ, ಕೆ.ಆರ್. ಪೇಟೆ, ರೈಟ್’ ಎಂದು ಬೆಳಗಿನ ಗಂಟಲಿನಲ್ಲೇ ಕೂಗಿದೆ. ಹೊರಗಿನ ಬೆಂಚಿನಿಂದ ಒಬ್ಬರು ಇಣುಕಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವ್ವ ಡಾಕ್ಟರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಆ ದಿನ ನಮ್ಮನ್ನು ಅಲ್ಲೇ ಉಳಿಸಿಕೊಂಡರು. ಆದರೆ ಕತ್ತಲಾಗುವ ಹೊತ್ತಿಗೆ ರೆಪ್ಪೆ ಮತ್ತೆ ಇಳಿಯಿತು. ಅವ್ವ ಗಾಬರಿಯಾಗಿ ಆ ಲೇಡಿ ಡಾಕ್ಟರನ್ನು ಹುಡುಕಿ ಕರೆತಂದಳು. ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್ ಎಂದು ಅವರು ಹೇಳಿದ್ದು ಆಗಲೇ. ಅವ್ವನಿಗೆ ಹೆಸರು ಬೇಕಿರಲಿಲ್ಲ. ‘ಬಂದಿದ್ ಶಕ್ತಿ ಎಲ್ಲೋಯ್ತವ್ವ?’ ಎಂದು ಕೇಳಿದಳು. ಡಾಕ್ಟರು ಮಂಚದ ತುದಿಯಲ್ಲಿ ಕೂತರು.

‘ನರದ ತುದಿಯಿಂದ ಒಂದು ರಸ ಬರುತ್ತೆ ಅಮ್ಮ. ಅದು ಬಂದು ತಟ್ಟಿದ್ರೆ ಕೈ ಏಳುತ್ತೆ, ರೆಪ್ಪೆ ಏಳುತ್ತೆ. ತಟ್ಟಿದ ಕೂಡಲೇ ಆ ರಸವನ್ನ ಒಡೆದು ಹಾಕೋಕೆ ಅಲ್ಲೇ ಒಂದು ಕಿಣ್ವ ಕಾದಿರುತ್ತೆ. ಎನ್‌ಜೈಮು ಅಂತೀವಿ.’

‘ನೀರುಗಂಟಿ ಇದ್ದಂಗಾ?’ ಅಂದಳು ಅವ್ವ. ಕಾಲುವೆಯ ತೂಬು ತೆಗೆದು, ಹೊತ್ತಿಗೆ ಸರಿಯಾಗಿ ಮುಚ್ಚುವವನೇ ನೀರುಗಂಟಿ. ನಮ್ಮ ಗದ್ದೆ ಕಾಲುವೆಯ ಕೊನೆಯಲ್ಲಿರುವುದರಿಂದ ಅವ್ವನಿಗೆ ದಿನವೂ ಅವನದೇ ಯೋಚನೆ.

‘ಹಾಗೇ ಇಟ್ಕೊಳ್ಳಿ. ನೀರುಗಂಟಿ ತಪ್ಪೇನಿಲ್ಲ, ಸರಿಯಾದ ಹೊತ್ತಿಗೇ ಮುಚ್ತಾ ಇದಾನೆ. ನಿಮ್ಮ ಮಗನ ಗದ್ದೆಯ ಬಾಯಿಗಳೇ ಕಟ್ಟಿಕೊಂಡಿವೆ. ನೀರು ಒಳಗೆ ಇಳಿಯೋದ್ರೊಳಗೆ ತೂಬು ಬಿದ್ದಿರುತ್ತೆ.’

‘ಅಂಗಾರೆ ನೀರುಗಂಟಿನ ಮಾತಿಗೆ ಇಡ್ಕಬೇಕು.’

‘ಅದೇ ನಾವು ಕೊಟ್ಟ ಸೂಜಿ. ಇನ್ನು ಮೇಲೆ ಮಾತ್ರೆ. ಮೂರ್ನಾಲ್ಕು ಗಂಟೆ ಅವನನ್ನ ಮಾತಿಗೆ ಹಿಡಿಯುತ್ತೆ. ಮಾತು ಮುಗೀತು ಅಂದ್ರೆ ಎದ್ದು ಹೋಗಿ ಮುಚ್ತಾನೆ. ಆಗ ಇನ್ನೊಂದು ಮಾತ್ರೆ.’

ಅವ್ವ ಸುಮ್ಮನಾಗಲಿಲ್ಲ. ‘ಅವನ್ನ ಪೂರ್ತಿ ಓಡಿಸ್ಬುಟ್ರೆ?’

ಡಾಕ್ಟರ ಮುಖ ಗಂಭೀರವಾಯಿತು. ‘ಬೆಳೆಗೆ ಹುಳದ ಔಷಧಿ ಹೊಡೀತೀರಲ್ಲ, ಅದರಲ್ಲಿ ಕೆಲವು ಮಾಡೋದು ಅದನ್ನೇ. ಮಾತ್ರೆ ಅವನನ್ನ ಹಿಡಿದು ಬಿಟ್ಟುಬಿಡುತ್ತೆ. ಆ ವಿಷ ಅವನ ಕೈಕಾಲು ಕಟ್ಟಿ ಕೂರಿಸುತ್ತೆ, ಬಿಡೋದಿಲ್ಲ. ನೀರು ನಿಂತು ಗದ್ದೆ ಕೊಳೆಯುತ್ತೆ, ಉಸಿರೇ ನಿಲ್ಲಬಹುದು. ಇವರು ಆ ಔಷಧಿ ಹತ್ತಿರ ಹೋಗಬಾರದು. ಮಾತ್ರೆ ಜಾಸ್ತಿಯಾದ್ರೂ ಅದೇ ಕಥೆ. ನೀರು ಕಮ್ಮಿಯಾದ್ರೂ ಪೈರು ಬಾಡುತ್ತೆ, ಹೆಚ್ಚಾದ್ರೂ ಬಾಡುತ್ತೆ.’

ಆ ಕೊನೆಯ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅವ್ವನ ಕಿವಿಯಲ್ಲಿ ಉಳಿಯಲಿಲ್ಲ. ಮಾತ್ರೆ ತಂದು ಕೆಲವು ವಾರ ಆಗಿರಬಹುದು, ಒಂದಕ್ಕೆ ಇಷ್ಟು ಗುಣ ಬಂದರೆ ಎರಡಕ್ಕೆ ಇನ್ನೆಷ್ಟು ಬರಬಹುದೆಂದು ಅವಳು ಲೆಕ್ಕ ಹಾಕಿದಳು. ನನಗೆ ಕೊಡುವ ಮಜ್ಜಿಗೆಯಲ್ಲಿ ಹೊತ್ತೊತ್ತಿಗೂ ಒಂದೊಂದು ಹೆಚ್ಚಿನ ಮಾತ್ರೆ ಕದಡಿ ಕೊಟ್ಟಳು. ಹೊಟ್ಟೆ ನುಲಿಯಿತು, ಬಾಯಲ್ಲಿ ಜೊಲ್ಲು ತುಂಬಿತು, ಕಣ್ಣಲ್ಲಿ ನೀರು, ತೊಡೆಯ ಮಾಂಸ ಚರ್ಮದಡಿಯಲ್ಲಿ ಹುಳು ಹರಿದಂತೆ ಅದುರಿತು. ಆಮೇಲೆ ಬಂತು ನಿಶ್ಶಕ್ತಿ, ಕತ್ತು ಎತ್ತಲಾಗದಷ್ಟು. ‘ಮಾತ್ರೆ ಸಾಲ್ದು ಕಣಕ್ಕ, ಇನ್ನೊಂದು ಕೊಡು’ ಎಂದು ಮಾವ ಕೂಗುತ್ತಿದ್ದ. ಡಾಕ್ಟರ ಆ ಮಾತು ನೆನಪಾಗಿ ನಾನು ಬೇಡವೆಂದು ದಿಂಬಿನ ಮೇಲೇ ತಲೆ ಹೊರಳಿಸಿದೆ. ಅಷ್ಟೇ ನನ್ನಿಂದಾದದ್ದು.

ನಮ್ಮ ಬಸ್ಸೇ ಬಂತು. ಇಬ್ರಾಹಿಂ ಸಾಬರು ನನ್ನನ್ನು ಮುಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಜನರ ಕಡೆ ತಿರುಗಿ, ‘ಭಾಯಿ, ಈಗ ಬಸ್ಸು ನಿಲ್ಸಾಕಿಲ್ಲ. ಸಿಟ್ಟಾಗ್ಬ್ಯಾಡಿ’ ಅಂದರು. ಒಬ್ಬರೂ ಕಮಕ್ಕಿಮಕ್ ಅನ್ನಲಿಲ್ಲ. ತಮ್ಮ ಊರು ಹಿಂದೆ ಹೋಗುವುದನ್ನು ಕಿಟಕಿಯಲ್ಲಿ ನೋಡುತ್ತಾ ಪಾಂಡವಪುರದವರೆಗೂ ಬಂದರು. ಅಲ್ಲಿಂದ ಮೈಸೂರಿಗೆ ಸಾಗಿಸಿದರು. ನಾನು ಉಳಿದೆ. ನಿಜ ತಿಳಿದ ಮೇಲೆ ಅವ್ವ ಮಾತ್ರೆ ಡಬ್ಬವನ್ನು ನನ್ನ ಕೈಗೇ ಕೊಟ್ಟು, ಮುಟ್ಟುವುದನ್ನೇ ಬಿಟ್ಟಳು. ಅವಳ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ.

ಮಾತ್ರೆಯ ಲೆಕ್ಕ ಕೈಗೆ ಹತ್ತಿದ ಮೇಲೆ ಬದುಕು ಹಾದಿಗೆ ಬಂತು. ಮಾಲೀಕರಿಗೆ ಆಸ್ಪತ್ರೆಯ ಚೀಟಿ ತೋರಿಸಿದೆ, ಸಂಜೆ ಟ್ರಿಪ್ಪು ಬಿಡಿಸಿ ಬೆಳಗಿನದಷ್ಟೇ ಕೊಟ್ಟರು. ಉಳಿದದ್ದು ಸಾವಿತ್ರಿಯ ವಿಷಯ. ನಾನು ನಾಗಮಂಗಲಕ್ಕೆ ಹೋಗಿ ಇದ್ದದ್ದನ್ನು ಹೇಳಿ ಬರುತ್ತೇನೆ ಅಂದಾಗ ಮಾವ ಹೌಹಾರಿದ.

‘ತಲೆ ಕೆಟ್ಟದೇನ್ಲಾ? ಕುಡಿಯೋರ್ಗೆ ದಿನಾ ಮದ್ವೆ ಆಯ್ತಾವೆ. ಕಾಯಿಲೆಯವ್ನಿಗೆ ಯಾರ್ಲಾ ಕೊಡ್ತಾರೆ? ಕುಡೀತಿದ್ದೆ, ಬುಟ್ಬುಟ್ಟೆ ಅನ್ನು. ನಾನೇ ಆಣೆ ಇಟ್ಟು ಒಪ್ಪಿಸ್ತೀನಿ.’

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಕುಡಿತ ಬಿಟ್ಟವನು ಅನ್ನಿಸಿಕೊಂಡರೆ ಸಾವಿತ್ರಿ ಸಿಗಬಹುದು, ರೋಗಿ ಅಂದರೆ ಬಾಗಿಲು ಮುಚ್ಚಬಹುದು. ಆದರೆ ಮದುವೆಯಾದ ಮರುದಿನವೂ ಸಂಜೆ ಬರುತ್ತದಲ್ಲ. ಎರಡು ದಿನ ಯೋಚಿಸಿ, ಬೆಳಗಿನ ಟ್ರಿಪ್ಪಿಗೆ ರಜೆ ಹಾಕಿ ನಾಗಮಂಗಲದ ಬಸ್ಸು ಹತ್ತಿದೆ.

ಚಿಕ್ಕೇಗೌಡರು ಜಗಲಿಯ ಮೇಲೇ ಕೂರಿಸಿ ಕೇಳಿದರು. ಎಲ್ಲವನ್ನೂ ಹೇಳಿದೆ, ನೀರುಗಂಟಿಯ ಸಮೇತ. ಅವರು ನನ್ನ ಅರಳಿದ ಕಣ್ಣನ್ನೇ ನೋಡುತ್ತಿದ್ದರು. ‘ಈಗ ಚೆನ್ನಾಗೇ ಇದ್ದೀಯಲ್ಲಪ್ಪ. ನನ್ ತಮ್ಮನೂ ಬೆಳಿಗ್ಗೆ ಹೊತ್ತು ಬಂಗಾರದಂಗೆ ಮಾತಾಡ್ತಿದ್ದ’ ಎಂದು ಎದ್ದರು. ನಾನೂ ಎದ್ದೆ. ಆಗ ಬಾಗಿಲ ಒಳಗಿನಿಂದ ಸಾವಿತ್ರಿಯ ದನಿ ಬಂತು.

‘ಒಂದಿನ ಸಂಜೆ ಓಗಿ ನೋಡಾನ ಕಣಪ್ಪ.’

ಮದುವೆಗೆ ಮುಂಚೆ ಹೆಣ್ಣು ಗಂಡಿನ ಮನೆ ಬಾಗಿಲಿಗೆ ಬರುವುದು ನಮ್ಮಲ್ಲಿಲ್ಲ. ಆದರೂ ಬಂದರು, ಅಪ್ಪ, ಮಗಳು, ಜೊತೆಗೆ ಅವಳ ಸೋದರತ್ತೆ. ಹೊತ್ತು ಮುಳುಗುವ ವೇಳೆ ಬರುತ್ತೇವೆಂದು ಮೊದಲೇ ತಿಳಿಸಿದ್ದರು. ಮಾವ ನನ್ನ ಕಿವಿಯಲ್ಲಿ, ‘ಅವ್ರು ಬರೋ ಹೊತ್ಗೆ ಮಾತ್ರೆ ನುಂಗ್ಬುಡ್ಲಾ, ಕಣ್ಣು ಅಗಲ ಆಗ್ಲಿ’ ಅಂದ. ನಾನು ಆ ಹೊತ್ತಿನ ಮಾತ್ರೆಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡೆ. ಓದುವವರು ಹೀಗೆ ಮಾಡಬೇಡಿ, ಡಾಕ್ಟರು ಬೈಯುತ್ತಾರೆ, ನನಗೂ ಬೈದರು. ಆದರೆ ಅವಳು ನೋಡಲು ಬಂದದ್ದು ನನ್ನ ಸಂಜೆಯನ್ನು. ಅದನ್ನೇ ಮುಚ್ಚಿಟ್ಟರೆ ಅವಳು ಬಂದದ್ದಕ್ಕೆ ಅರ್ಥವೇನು?

ಅವರು ಬಂದಾಗ ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ರೆಪ್ಪೆಗಳು ಇಳಿದಿದ್ದವು. ಬನ್ನಿ ಅಂದದ್ದು ಮೂಗಿನಲ್ಲಿ ಬಂತು. ಚಿಕ್ಕೇಗೌಡರು ಹತ್ತಿರ ಬಂದು ಬಗ್ಗಿ, ನನ್ನ ಬಾಯಿಯ ವಾಸನೆ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತುಬಿಟ್ಟರು. ‘ಕುಡ್ದಿಲ್ಲ ಕಣವ್ವ’ ಎಂದು ಮಗಳಿಗೆ ಹೇಳಿದರು. ಕುಡುಕನಲ್ಲ ಎಂದು ಗೊತ್ತಾಯಿತು. ರೋಗಿಗೆ ಮಗಳನ್ನು ಕೊಡುವುದೋ ಬೇಡವೋ ಎಂಬುದು ಈಗ ಶುರುವಾಗಿತ್ತು.

ಸಾವಿತ್ರಿ ಎದುರಿಗೆ ಬಂದು ನಿಂತಳು. ‘ನಾನು ಕಾಣ್ತೀನಾ?’ ಎಂದು ಕೇಳಿದಳು.

ಈ ಕಾಯಿಲೆಯಲ್ಲಿ ದಣಿದ ಎರಡು ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲ. ಒಂದೊಂದು ಒಂದೊಂದು ಕಡೆ ಎಳೆಯುತ್ತದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

‘ಇಬ್ರು ಕಾಣ್ತಾ ಇದೀರಿ’ ಅಂದೆ.

ಮಾವ ಬಾಗಿಲಲ್ಲಿ ಹಣೆ ಚಚ್ಚಿಕೊಂಡ. ಆ ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಸಾವಿತ್ರಿ ನಗು ತಡೆದುಕೊಂಡು ಕೇಳಿದಳು.

‘ಇಬ್ರಲ್ಲಿ ಯಾರ್ನ ಮದ್ವೆ ಆಯ್ತೀರಿ?’

ನಾನು ಕಷ್ಟಪಟ್ಟು ಎರಡೂ ಕೈ ಎತ್ತಿದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದೆ, ಇನ್ನೊಂದರ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದೆ. ಎದುರಿಗೆ ಅವಳೊಬ್ಬಳೇ ನಿಂತಿದ್ದಳು.

‘ಇವ್ರನ್ನ’ ಅಂದೆ.